ಜಪ್ತಿ ವಾಹನಗಳ ಹರಾಜಿನಲ್ಲಿ ಕಾರು ಕೊಳ್ಳುವುದು: ಕೊಡಗಿನವರಿಗೊಂದು ಕೈಪಿಡಿ

ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ, ಹೀಗೆ ಕೊಡಗಿನ ಯಾವ ಊರಿನ ಪೊಲೀಸ್ ಠಾಣೆಗೆ ಹೋದರೂ ಆವರಣದ ಒಂದು ಬದಿಯಲ್ಲಿ ವಾರಸುದಾರರಿಲ್ಲದ ಬೈಕು, ಕಾರು, ಪಿಕಪ್‌ಗಳು ನಿಂತಿರುತ್ತವೆ. ಅರಣ್ಯ ಇಲಾಖೆಯ ವಲಯ ಕಚೇರಿಗಳಲ್ಲಿ ಮರ ಸಾಗಿಸುವಾಗ ಸಿಕ್ಕಿಬಿದ್ದ ಜೀಪು, ಲಾರಿಗಳಿರುತ್ತವೆ. ಅಬಕಾರಿ ಕಚೇರಿಯಲ್ಲಿ ಮದ್ಯದ ಪೆಟ್ಟಿಗೆಗಳ ಸಮೇತ ಹಿಡಿದ ಕಾರುಗಳಿರುತ್ತವೆ. ಇವುಗಳಲ್ಲಿ ಬಹುಪಾಲು ವಾಹನಗಳು ಒಂದಲ್ಲ ಒಂದು ದಿನ ಬಹಿರಂಗ ಹರಾಜಿಗೆ ಬರುತ್ತವೆ, ಮತ್ತು ಹರಾಜಿನಲ್ಲಿ ಭಾಗವಹಿಸಲು ಸಾಮಾನ್ಯ ನಾಗರಿಕರಿಗೆ ಯಾವ ಅಡ್ಡಿಯೂ ಇಲ್ಲ. ಆದರೂ ನಮ್ಮ ಜಿಲ್ಲೆಯಲ್ಲಿ ಇಂತಹ ಹರಾಜಿಗೆ ಹೋಗುವವರು ಹೆಚ್ಚಾಗಿ ಗುಜರಿ ವ್ಯಾಪಾರಿಗಳೇ. ತೋಟದ ಕೆಲಸಕ್ಕೆ ಒಂದು ಪಿಕಪ್ಪೋ, ಮನೆಗೆ ಒಂದು ಸಣ್ಣ ಕಾರೋ ಬೇಕಾದ ಕುಟುಂಬಗಳು ಈ ಕಡೆ ತಲೆ ಹಾಕುವುದು ಕಡಿಮೆ.

ಹಾಗೆ ಹೋಗಬಯಸುವವರಿಗೆ ಮೊದಲೇ ಹೇಳಬೇಕಾದ ಮಾತೊಂದಿದೆ. ಈ ಹರಾಜಿನಲ್ಲಿ ನೀವು ಮೊದಲು ಕೊಳ್ಳುವುದು ಸರ್ಕಾರದ ಒಂದು ಆದೇಶವನ್ನು. ಗಾಡಿ ಅದರ ಹಿಂದೆ ಬರುತ್ತದೆ. ಆ ಆದೇಶ ಸರಿಯಾಗಿದ್ದರೆ ಎಂಜಿನ್ ಕೆಟ್ಟ ಕಾರನ್ನೂ ರಸ್ತೆಗೆ ತರಬಹುದು. ಆದೇಶದಲ್ಲಿ ಲೋಪವಿದ್ದರೆ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುವ ಕಾರೂ ನಿಮ್ಮ ಹೆಸರಿಗೆ ಆಗದೆ ಅಂಗಳದಲ್ಲೇ ನಿಲ್ಲುತ್ತದೆ. ಈ ಬರಹದ ಹೆಚ್ಚಿನ ಭಾಗ ಕಾಗದಪತ್ರಗಳ ಸುತ್ತಲೇ ಇರುವುದಕ್ಕೆ ಕಾರಣ ಇದು.

ಮಾರುವವರು ಯಾರು, ಯಾವ ಅಧಿಕಾರದಿಂದ

ಠಾಣೆಯಲ್ಲಿ ನಿಂತ ಎಲ್ಲ ವಾಹನಗಳೂ ಮಾರಾಟಕ್ಕಿರುವುದಿಲ್ಲ. ಪ್ರಕರಣದ ತನಿಖೆಗಾಗಿ ವಶಪಡಿಸಿಕೊಂಡ ವಾಹನ ಮುದ್ದೆಮಾಲು ಎನಿಸಿಕೊಳ್ಳುತ್ತದೆ. ನ್ಯಾಯಾಲಯದ ಆದೇಶವಿಲ್ಲದೆ ಅದನ್ನು ಯಾರೂ ವಿಲೇವಾರಿ ಮಾಡುವಂತಿಲ್ಲ. ಅದರ ಮೂಲ ಒಡೆಯ ಬಾಂಡ್ ಬರೆದುಕೊಟ್ಟು ಮಧ್ಯಂತರ ಸುಪರ್ದಿಗೆ ಪಡೆಯುವ ಅವಕಾಶವೂ ಇದೆ. 2002ರಲ್ಲಿ ಸುಪ್ರೀಂ ಕೋರ್ಟ್ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ, ವಶಪಡಿಸಿಕೊಂಡ ವಾಹನಗಳನ್ನು ಠಾಣೆಗಳಲ್ಲಿ ವರ್ಷಗಟ್ಟಲೆ ಕೊಳೆಯಲು ಬಿಡಬಾರದು, ಒಡೆಯನೋ ವಿಮಾ ಕಂಪನಿಯೋ ಮುಂದೆ ಬಾರದಿದ್ದರೆ ನ್ಯಾಯಾಲಯದ ನಿರ್ದೇಶನದಂತೆ ಹರಾಜು ಹಾಕಬಹುದು ಎಂದು ಹೇಳಿತು. ಇಂದಿಗೂ ಪೊಲೀಸ್ ಹರಾಜುಗಳ ಹಿಂದೆ ಈ ತೀರ್ಪಿನ ಬಲವಿದೆ.

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೆಯ 451, 457 ಮತ್ತು 458ನೇ ಕಲಮುಗಳು ಈಗ 497, 503 ಮತ್ತು 504 ಆಗಿವೆ. ಒಡೆಯ ಯಾರೆಂದು ಗೊತ್ತಿಲ್ಲದ ವಾಹನದ ಬಗ್ಗೆ ನ್ಯಾಯಾಧೀಶರು ಉದ್ಘೋಷಣೆ ಹೊರಡಿಸಿ, ಹಕ್ಕಿರುವವರು ಆರು ತಿಂಗಳೊಳಗೆ ಬಂದು ಸಾಬೀತುಪಡಿಸಲು ಅವಕಾಶ ಕೊಡುತ್ತಾರೆ. ಯಾರೂ ಬಾರದಿದ್ದರೆ ವಾಹನ ಸರ್ಕಾರದ ಅಧೀನಕ್ಕೆ ಬಂದು ಮಾರಾಟಕ್ಕೆ ಅರ್ಹವಾಗುತ್ತದೆ. ಹಳೆಯ ಪ್ರಕರಣದ ವಾಹನವಾದರೆ ಆದೇಶದಲ್ಲಿ ಹಳೆಯ ಕಲಮಿನ ಸಂಖ್ಯೆ, ಹೊಸದಾದರೆ ಹೊಸ ಸಂಖ್ಯೆ ಇರುತ್ತದೆ. ಸಂಖ್ಯೆ ಬೇರೆಯಾಗಿದೆ ಎಂದು ಗಾಬರಿಯಾಗುವ ಅಗತ್ಯವಿಲ್ಲ.

ಅರಣ್ಯ ಮತ್ತು ಅಬಕಾರಿ ವಾಹನಗಳ ದಾರಿ ಬೇರೆ. ಬೀಟೆ, ತೇಗ, ಶ್ರೀಗಂಧ ಸಾಗಿಸುವಾಗ ಹಿಡಿದ ವಾಹನವನ್ನು ಕರ್ನಾಟಕ ಅರಣ್ಯ ಅಧಿನಿಯಮ 1963ರ 71ಎ ಕಲಮಿನಡಿ ಅಧಿಕೃತ ಅಧಿಕಾರಿಯೇ ವಿಚಾರಣೆ ನಡೆಸಿ ಮುಟ್ಟುಗೋಲು ಹಾಕಿಕೊಳ್ಳಬಹುದು. ಮದ್ಯದ ಪ್ರಕರಣದಲ್ಲಿ ಅಬಕಾರಿ ಅಧಿನಿಯಮ 1965ರ 43ಎ ಕಲಮಿನಡಿ ಆ ಅಧಿಕಾರ ಅಬಕಾರಿ ಉಪ ಆಯುಕ್ತರಿಗಿದೆ. ಮೂಲ ಒಡೆಯನಿಗೆ ಈ ಆದೇಶಗಳ ವಿರುದ್ಧ ಮೇಲ್ಮನವಿಯ ಹಕ್ಕಿದೆ. ಮೇಲ್ಮನವಿಯ ಅವಧಿ ಮುಗಿದಿದೆಯೇ, ಮೇಲ್ಮನವಿ ಸಲ್ಲಿಸಿದ್ದರೆ ಅದು ತೀರ್ಮಾನವಾಗಿದೆಯೇ ಎಂದು ಹರಾಜಿಗೆ ಮುನ್ನ ಕೇಳಿ ತಿಳಿದುಕೊಳ್ಳುವುದು ಕೊಳ್ಳುವವರ ಹಕ್ಕು. ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗದೆ, ಆದೇಶ ಅಂತಿಮಗೊಂಡಿದೆ ಎಂಬ ಸಾಲು ಹರಾಜು ಪ್ರಕಟಣೆಯಲ್ಲೋ ಮಾರಾಟದ ಪತ್ರದಲ್ಲೋ ಇರುವಂತೆ ನೋಡಿಕೊಳ್ಳಬೇಕು.

ನನ್ನ ಅಭಿಪ್ರಾಯದಲ್ಲಿ ಮನೆ ಬಳಕೆಗೆ ಕಾರು ಹುಡುಕುವವರಿಗೆ ಅಬಕಾರಿ ಇಲಾಖೆಯ ಹರಾಜು ಉಳಿದೆಲ್ಲಕ್ಕಿಂತ ಮೇಲು. ಅಲ್ಲಿಗೆ ಬರುವ ವಾಹನಗಳು ಹಿಡಿದ ದಿನ ಚೆನ್ನಾಗಿ ಓಡುತ್ತಿದ್ದ ಗಾಡಿಗಳು. ಒಡೆಯ ಯಾರೆಂದು ದಾಖಲೆಯಿದೆ. ಮುಟ್ಟುಗೋಲು ಪ್ರಕ್ರಿಯೆ ಇಲಾಖೆಯೊಳಗೇ ನಡೆಯುತ್ತದೆ. ಠಾಣೆಯ ವಾರಸುದಾರರಿಲ್ಲದ ವಾಹನಗಳಲ್ಲಿ ಅಪಘಾತಕ್ಕೀಡಾದವು, ಕಳವಾಗಿ ಸಿಕ್ಕವು, ನಂಬರ್ ಪ್ಲೇಟ್ ಇಲ್ಲದವು ಬೆರೆತಿರುತ್ತವೆ.

ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಸಾಲ ತೀರಿಸದವರಿಂದ ವಶಪಡಿಸಿಕೊಂಡು ಮಾರುವ ಕಾರುಗಳು ಸರ್ಕಾರಿ ಹರಾಜಿನ ವ್ಯಾಪ್ತಿಗೆ ಬರುವುದಿಲ್ಲ. ಅವಕ್ಕೆ ಆರ್‌ಟಿಒಗೆ ಕೊಡುವ ಅರ್ಜಿ ನಮೂನೆಗಳೂ ಬೇರೆ. ಅವುಗಳನ್ನು ಸಾಮಾನ್ಯ ಹಳೆ ಕಾರಿನ ವ್ಯವಹಾರವೆಂದೇ ತಿಳಿದು ಸಾಲ ತೀರುವಳಿಯ ಪತ್ರ ಪಡೆದು ಮುಂದುವರಿಯಬೇಕು.

ಪ್ರಕಟಣೆಯನ್ನು ಓದುವ ಬಗೆ

ಹರಾಜಿನ ಸುದ್ದಿ ಠಾಣೆಯ, ನ್ಯಾಯಾಲಯದ, ತಾಲ್ಲೂಕು ಕಚೇರಿಯ ಸೂಚನಾ ಫಲಕಗಳಲ್ಲಿ ಬರುತ್ತದೆ. ಮಡಿಕೇರಿಯ ‘ಶಕ್ತಿ’ಯಂತಹ ಸ್ಥಳೀಯ ಪತ್ರಿಕೆಗಳ ಒಳಪುಟಗಳ ಮೇಲೂ ಕಣ್ಣಿಟ್ಟಿರಬೇಕು. ಸರ್ಕಾರಿ ಸಂಸ್ಥೆಗಳು ದೊಡ್ಡ ಪ್ರಮಾಣದ ವಿಲೇವಾರಿಯನ್ನು ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಸಂಸ್ಥೆಯ ಇ–ಹರಾಜಿನ ಮೂಲಕ ನಡೆಸುವುದೂ ಉಂಟು. ಅಲ್ಲಿ ಮುಂಚಿತವಾಗಿ ಖರೀದಿದಾರರೆಂದು ನೋಂದಾಯಿಸಿಕೊಂಡಿರಬೇಕು. ವಾಟ್ಸಾಪ್‌ನಲ್ಲೋ ಫೇಸ್‌ಬುಕ್ಕಿನಲ್ಲೋ ಹೊಸ ಕಾರಿನ ಚಿತ್ರ ಹಾಕಿ, ಪೊಲೀಸ್ ಹರಾಜು ಎಂದು ಬರೆದು, ಮುಂಗಡವಾಗಿ ಫೋನ್‌ಪೇ ಮಾಡಿ ಎನ್ನುವವರು ವಂಚಕರೇ. ಸರ್ಕಾರಿ ಹರಾಜಿನ ಹಣ ಯಾವ ವ್ಯಕ್ತಿಯ ಮೊಬೈಲ್ ಸಂಖ್ಯೆಗೂ ಹೋಗುವುದಿಲ್ಲ. ಅದು ಡಿಡಿಯ ಮೂಲಕವೋ, ರಾಜ್ಯ ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆಯಾದ ಖಜಾನೆ–2ರ ಚಲನ್ ಮೂಲಕವೋ, ಪ್ರಕಟಣೆಯಲ್ಲಿ ಹೇಳಿದ ಕಚೇರಿಯ ಖಾತೆಗೋ ಹೋಗಬೇಕು, ಮತ್ತು ಅದಕ್ಕೆ ರಸೀದಿ ಸಿಗಬೇಕು.

ಪ್ರಕಟಣೆ ಕೈಗೆ ಸಿಕ್ಕಾಗ ನಿಧಾನವಾಗಿ ಪೂರ್ತಿ ಓದಬೇಕು. ವಾಹನಗಳನ್ನು ಒಂದೊಂದಾಗಿ ಹರಾಜು ಹಾಕುತ್ತಾರೆಯೇ, ಅಥವಾ ಎಲ್ಲವನ್ನೂ ಸೇರಿಸಿ ಒಂದೇ ಲಾಟ್ ಮಾಡಿದ್ದಾರೆಯೇ ಎಂಬುದು ಮೊದಲ ಪ್ರಶ್ನೆ. ಒಂದೇ ಲಾಟ್ ಆಗಿದ್ದರೆ ಒಂದು ಕಾರು ಬೇಕಾದವರಿಗೆ ಅಲ್ಲಿ ಕೆಲಸವಿಲ್ಲ. ಎರಡನೆಯದು ಇದಕ್ಕಿಂತ ಮುಖ್ಯ: ವಾಹನವನ್ನು ಬಳಕೆಗಾಗಿ ಮಾರುತ್ತಿದ್ದಾರೆಯೇ, ಅಥವಾ ಗುಜರಿಗಾಗಿ ಮಾತ್ರವೇ? ಗುಜರಿಗೆಂದು ಮಾರಿದ ವಾಹನಕ್ಕೆ ಆರ್‌ಸಿ ಕೊಡುವುದಿಲ್ಲ, ಅದನ್ನು ಯಾವ ಆರ್‌ಟಿಒ ಕೂಡ ಮರಳಿ ನೋಂದಾಯಿಸುವುದಿಲ್ಲ. ‘ತೋಟದೊಳಗೆ ಓಡಿಸಲು ಆರ್‌ಸಿ ಯಾಕೆ’ ಎಂದು ಕೇಳುವವರು ನಮ್ಮಲ್ಲಿ ಬಹಳ. ಆದರೆ ಕೊಡಗಿನ ಎಷ್ಟು ತೋಟಗಳು ಪಂಚಾಯಿತಿ ರಸ್ತೆಯನ್ನು ದಾಟದೆ ಒಂದೇ ತುಂಡಾಗಿವೆ? ಮೇಲಿನ ತೋಟದಿಂದ ಕೆಳಗಿನ ಕಣಕ್ಕೆ ಕಾಫಿ ಮೂಟೆ ಒಯ್ಯುವಾಗ ಹತ್ತು ಮಾರು ಸಾರ್ವಜನಿಕ ರಸ್ತೆ ಬಳಸಿದರೂ ನೋಂದಣಿ ಮತ್ತು ವಿಮೆ ಕಡ್ಡಾಯ. ಆ ಹತ್ತು ಮಾರಿನಲ್ಲಿ ಅಪಘಾತವಾದರೆ ಪರಿಹಾರದ ಪೂರ್ತಿ ಹೊರೆ ಒಡೆಯನ ತಲೆಯ ಮೇಲೆ ಬೀಳುತ್ತದೆ.

ಸರ್ಕಾರಿ ಇಲಾಖೆಗಳ ಸ್ವಂತ ಹಳೆಯ ಜೀಪುಗಳ ವಿಷಯವೂ ಈಗ ಹೀಗೆಯೇ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವುದಿಲ್ಲ. ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಹಿಂದೆ ಇಲಾಖೆಯ ಜೀಪನ್ನು ಹರಾಜಿನಲ್ಲಿ ಹಿಡಿದು ದುರಸ್ತಿ ಮಾಡಿ ದಶಕಗಟ್ಟಲೆ ಓಡಿಸಿದ ಹಿರಿಯರ ಮಾತನ್ನು ನಂಬಿ ಇಂದು ಹೋದರೆ ನಿರಾಸೆಯಾಗುತ್ತದೆ.

ಬೆಲೆಯ ಜೊತೆಗೆ ತೆರಿಗೆ ಸೇರಿದೆಯೇ ಪ್ರತ್ಯೇಕವೇ, ಮುಂಗಡ ಠೇವಣಿ ಎಷ್ಟು, ಸವಾಲು ನಿಂತ ಕೂಡಲೇ ಎಷ್ಟು ಭಾಗ ಕಟ್ಟಬೇಕು, ಉಳಿದದ್ದಕ್ಕೆ ಎಷ್ಟು ದಿನ, ವಾಹನವನ್ನು ಎಷ್ಟು ದಿನದೊಳಗೆ ಒಯ್ಯಬೇಕು ಎಂಬ ಷರತ್ತುಗಳು ಇಲಾಖೆಯಿಂದ ಇಲಾಖೆಗೆ ಬೇರೆಯಾಗುತ್ತವೆ. ಬಾಕಿ ಹಣ ಅವಧಿಯೊಳಗೆ ಕಟ್ಟದಿದ್ದರೆ ಠೇವಣಿ ಮುಟ್ಟುಗೋಲಾಗುತ್ತದೆ ಎಂಬ ಷರತ್ತು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆಯೂ ಇರುತ್ತದೆ.

ಸಂಖ್ಯೆಗಳನ್ನು ತಾಳೆ ನೋಡುವುದು

ಠಾಣೆಯ ವಾಹನದ ಮುಂದಿನ ಗಾಜನ್ನು ಗಮನಿಸಿ. ಬಿಳಿ ಬಣ್ಣದಲ್ಲಿ ಮೊಕದ್ದಮೆ ಸಂಖ್ಯೆ, ವರ್ಷ, ಕಲಮು, ಕೆಲವೊಮ್ಮೆ ಪಿಎಫ್ (ಠಾಣೆಯ ಜಪ್ತಿ ಸ್ವತ್ತಿನ ದಾಖಲೆ) ಸಂಖ್ಯೆ ಬರೆದಿರುತ್ತಾರೆ. ಆ ವರ್ಷವನ್ನು ನೋಡಿದರೆ ವಾಹನ ಎಂದಿನಿಂದ ನಿಂತಿದೆ ಎಂಬುದು ತಿಳಿಯುತ್ತದೆ. ಮೊಕದ್ದಮೆ ಸಂಖ್ಯೆಯಿಂದ ಪ್ರಕರಣ ಮುಗಿದಿದೆಯೇ ಇಲ್ಲವೇ ಎಂಬುದನ್ನು ನ್ಯಾಯಾಲಯದ ಜಾಲತಾಣದಲ್ಲೋ ಪರಿಚಯದ ವಕೀಲರಿಂದಲೋ ತಿಳಿಯಬಹುದು. ಪ್ರಕಟಣೆಯಲ್ಲಿರುವ ಸಂಖ್ಯೆಗೂ ಗಾಜಿನ ಮೇಲಿನ ಸಂಖ್ಯೆಗೂ ವ್ಯತ್ಯಾಸವಿದ್ದರೆ ಹರಾಜಿಗೆ ಮುಂಚೆಯೇ ಅಧಿಕಾರಿಗಳ ಗಮನಕ್ಕೆ ತರಬೇಕು. ಮಾರಾಟ ಪತ್ರದಲ್ಲಿ ತಪ್ಪು ಸಂಖ್ಯೆ ನುಸುಳಿದ ಮೇಲೆ ತಿದ್ದಿಸುವುದು ತಿಂಗಳುಗಳ ಕೆಲಸ.

ನೋಂದಣಿ ಸಂಖ್ಯೆಯನ್ನು ಪರಿವಾಹನ್ ಜಾಲತಾಣದಲ್ಲೋ ಎಂಪರಿವಾಹನ್ ಆ್ಯಪ್‌ನಲ್ಲೋ ಹಾಕಿದರೆ ವಾಹನದ ವರ್ಗ, ನೋಂದಣಿಯ ದಿನಾಂಕ, ವಿಮೆ ಮತ್ತು ಎಫ್‌ಸಿಯ ಅವಧಿ, ಸಾಲದ ನಮೂದು, ಕಪ್ಪುಪಟ್ಟಿಯಲ್ಲಿದೆಯೇ ಎಂಬ ವಿವರ ಸಿಗುತ್ತದೆ. ಅಲ್ಲಿ ತೋರಿಸುವ ಮಾದರಿ ಮತ್ತು ಬಣ್ಣ ಎದುರಿಗಿರುವ ಗಾಡಿಗೆ ಹೊಂದುತ್ತದೆಯೇ ನೋಡಿ. ಬಿಳಿ ಆಲ್ಟೊ ಎಂದು ದಾಖಲೆ ಹೇಳುವ ಸಂಖ್ಯೆ ಕೆಂಪು ಸ್ವಿಫ್ಟಿನ ಮೇಲಿದ್ದರೆ ಅದು ಸುಳ್ಳು ಪ್ಲೇಟು. ವಾಹನ ಎಲ್ಲಿಯಾದರೂ ಕಳವಾಗಿದೆಯೆಂದು ದೂರಿದೆಯೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಜಾಲತಾಣದಲ್ಲಿ ಚಾಸಿ ಮತ್ತು ಎಂಜಿನ್ ಸಂಖ್ಯೆ ಕೊಟ್ಟು ಪರಿಶೀಲಿಸಬಹುದು.

ಚಾಸಿ ಸಂಖ್ಯೆಯನ್ನು ಕಣ್ಣಾರೆ ಕಾಣದೆ ಸವಾಲು ಕೂಗಬಾರದು. ಇಂದಿನ ಕಾರುಗಳಲ್ಲಿ ಅದು 17 ಅಕ್ಷರ–ಅಂಕಿಗಳದ್ದು. ಮಾರುತಿಯದ್ದು ‘ಎಂಎ3’, ಮಹೀಂದ್ರಾದ್ದು ‘ಎಂಎ1’, ಟಾಟಾದ್ದು ‘ಎಂಎಟಿ’ ಎಂದು ಆರಂಭವಾಗುತ್ತದೆ. ಸಣ್ಣ ಕಾರುಗಳಲ್ಲಿ ಬಾನೆಟ್ ಎತ್ತಿದಾಗ ಎಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲೂ, ಜೀಪು ಮತ್ತು ಪಿಕಪ್‌ಗಳಲ್ಲಿ ಕೆಳಗಿನ ಚೌಕಟ್ಟಿನ ಪಟ್ಟಿಯ ಮೇಲೂ ಹುಡುಕಿ. ಕೆಸರು ಮೆತ್ತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ತಿಕ್ಕಿ ಓದಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಅಕ್ಷರಗಳ ಎತ್ತರ ಏರುಪೇರಾಗಿದ್ದರೆ, ಸುತ್ತಲ ತಗಡಿನಲ್ಲಿ ಉಜ್ಜಿದ ಅಥವಾ ವೆಲ್ಡಿಂಗ್ ಮಾಡಿದ ಗುರುತಿದ್ದರೆ ಆ ವಾಹನವನ್ನು ಬಿಟ್ಟುಬಿಡಿ.

ನೋಂದಣಿ ಸಂಖ್ಯೆಯೇ ಇಲ್ಲದ ಅಥವಾ ಸುಳ್ಳು ಸಂಖ್ಯೆಯ ವಾಹನವನ್ನು ಕೊಳ್ಳಲೇಬಾರದೆಂದೇನೂ ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 57ನೇ ನಿಯಮ ಇದಕ್ಕೆ ದಾರಿ ಮಾಡಿಕೊಟ್ಟಿದೆ: ಅಂತಹ ವಾಹನಕ್ಕೆ ಮೊದಲು ಹರಾಜು ನಡೆಸಿದ ಇಲಾಖೆಯ ಹೆಸರಿನಲ್ಲಿ ಹೊಸ ಸಂಖ್ಯೆ ಕೊಟ್ಟು, ಆ ಇಲಾಖೆಯನ್ನೇ ಹಿಂದಿನ ಒಡೆಯನೆಂದು ತೋರಿಸಿ, ಅನಂತರ ಕೊಂಡವರ ಹೆಸರಿಗೆ ವರ್ಗಾಯಿಸಬೇಕು. ಇಲಾಖೆಯ ಸಹಕಾರವಿಲ್ಲದೆ ಇದು ನಡೆಯುವುದಿಲ್ಲವಾದ್ದರಿಂದ ಹರಾಜಿಗೆ ಮುನ್ನವೇ ಮಡಿಕೇರಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಬರುವುದು ಕ್ಷೇಮ.

ಕೊಡಗಿನ ಗಡಿ ಕೇರಳಕ್ಕೆ ತಾಗಿಕೊಂಡಿರುವುದರಿಂದ ಕುಟ್ಟ ಮತ್ತು ಮಾಕುಟ್ಟದ ಕಡೆ ಹಿಡಿದ ವಾಹನಗಳಲ್ಲಿ ಕೇರಳದ ಗಾಡಿಗಳು ಸಾಕಷ್ಟಿರುತ್ತವೆ. ನಮ್ಮ ಮಡಿಕೇರಿಯದು ಕೆಎ–12, ಪಕ್ಕದ ವಯನಾಡಿನದು ಕೆಎಲ್–12. ಮಾಸಿದ ಪ್ಲೇಟಿನಲ್ಲಿ ಒಂದಕ್ಷರ ಕಾಣದೆ ಹೋದರೂ ಲೆಕ್ಕ ತಲೆಕೆಳಗಾಗುತ್ತದೆ. ಹೊರರಾಜ್ಯದ ಕಾರನ್ನು ಇಲ್ಲಿ ಇಟ್ಟುಕೊಳ್ಳಬೇಕಾದರೆ ಕರ್ನಾಟಕದ ನೋಂದಣಿ ಸಂಖ್ಯೆ ಪಡೆಯಬೇಕು, ವಾಹನದ ವಯಸ್ಸಿಗೆ ತಕ್ಕಂತೆ ಆಜೀವ ತೆರಿಗೆಯನ್ನೂ ಕಟ್ಟಬೇಕು. ಅಗ್ಗವಾಗಿ ಕಂಡ ಕೆಎಲ್ ಸಂಖ್ಯೆಯ ಕಾರು ಈ ತೆರಿಗೆ ಸೇರಿದ ಮೇಲೆ ಅಗ್ಗವಾಗಿ ಉಳಿಯುವುದು ಅಪರೂಪ. ಹಳದಿ ಬೋರ್ಡಿನ ಪಿಕಪ್ ಆದರೆ ತೆರಿಗೆ ಬಾಕಿ ಎಲ್ಲಿಯವರೆಗೆ ಇದೆ ಎಂಬುದನ್ನೂ ಆರ್‌ಟಿಒದಲ್ಲಿ ಕೇಳಿಕೊಳ್ಳಬೇಕು. ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ, ಆ ಫೈನಾನ್ಸ್ ಸಂಸ್ಥೆಗೆ ಮುಟ್ಟುಗೋಲಿನ ನೋಟಿಸ್ ಹೋಗಿತ್ತೇ, ಅದರ ಹಕ್ಕಿನ ಬಗ್ಗೆ ಆದೇಶ ಏನು ಹೇಳುತ್ತದೆ ಎಂಬುದನ್ನು ಓದದೆ ಮುಂದುವರಿಯಬೇಡಿ.

ಗಾಡಿ ನಿಂತ ಮಳೆಗಾಲಗಳನ್ನು ಎಣಿಸಿ

ಬಯಲುಸೀಮೆಯಲ್ಲಿ ಜಪ್ತಿಯಾದ ಕಾರು ಮೂರು ವರ್ಷ ನಿಂತರೆ ಧೂಳು ಹಿಡಿಯುತ್ತದೆ, ಟೈರು ಬಿರಿಯುತ್ತದೆ. ಕೊಡಗಿನಲ್ಲಿ ಅದೇ ಮೂರು ವರ್ಷ ಎಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ನೆನೆದ ಮೂರು ಮಳೆಗಾಲ. ಹಾಗಾಗಿ ನಮ್ಮ ಕಡೆಯ ಹರಾಜಿನಲ್ಲಿ ಓಡಿದ ಕಿಲೋಮೀಟರ್‌ಗಿಂತ ನಿಂತ ಮಳೆಗಾಲಗಳ ಲೆಕ್ಕವೇ ದೊಡ್ಡದು. ಸೂರಿನಡಿ ನಿಂತ ಗಾಡಿಗೂ ಬಯಲಿನಲ್ಲಿ ನಿಂತ ಗಾಡಿಗೂ, ಸಿಮೆಂಟ್ ನೆಲದ ಮೇಲಿದ್ದುದಕ್ಕೂ ಹುಲ್ಲಿನ ಮೇಲಿದ್ದುದಕ್ಕೂ ಅಜಗಜಾಂತರವಿದೆ. ಬಯಲಿನಲ್ಲಿ, ಹುಲ್ಲಿನ ಮೇಲೆ, ಎರಡಕ್ಕಿಂತ ಹೆಚ್ಚು ಮಳೆಗಾಲ ಕಳೆದ ಕಾರನ್ನು ನಾನು ಯಾರಿಗೂ ಸೂಚಿಸುವುದಿಲ್ಲ, ಬೆಲೆ ಎಷ್ಟೇ ಕಡಿಮೆಯಿದ್ದರೂ.

ವೀಕ್ಷಣೆಗೆ ಕೊಟ್ಟ ದಿನ ನಂಬಿಕಸ್ಥ ಮೆಕ್ಯಾನಿಕ್ ಒಬ್ಬರನ್ನು ಕೂಲಿ ಕೊಟ್ಟು ಕರೆದೊಯ್ಯಿರಿ. ಟಾರ್ಚ್, ಕೈಗವಸು, ಒಂದು ಹಳೆಯ ಗೋಣಿಚೀಲ ಜೊತೆಗಿರಲಿ. ಬಾಗಿಲಿಗೆ ಕೈ ಹಾಕುವ ಮುನ್ನ ಕೋಲಿನಿಂದ ಕೆಳಗೂ ಸುತ್ತಲೂ ಬಡಿದು ನೋಡಿ. ಕಾಡುಬಳ್ಳಿ ಹಬ್ಬಿದ ಗಾಡಿಗಳಲ್ಲಿ ಹಾವು ಸೇರಿಕೊಂಡಿರುವುದು ನಮ್ಮಲ್ಲಿ ಹೊಸದಲ್ಲ.

ಒಂದು ಮಾರುತಿ ಓಮ್ನಿ ಎದುರಿಗಿದೆ ಎಂದುಕೊಳ್ಳಿ. ಕಿಟಕಿಯ ರಬ್ಬರ್ ಬೀಡಿಂಗಿನ ಗುಂಟ ಹಸಿರು ಪಾಚಿ ಗೆರೆ ಎಳೆದಂತೆ ಕೂತಿದೆ. ಪಾಚಿಯಿಂದಲೇ ತೊಂದರೆಯಿಲ್ಲ, ಆದರೆ ಅದು ಗಾಜಿನ ಒಳಬದಿಗೂ ಹಬ್ಬಿದ್ದರೆ ನೀರು ಒಳಗಿಳಿದಿದೆ ಎಂದರ್ಥ. ಬಾಗಿಲು ತೆರೆದಾಗ ಮೊದಲು ಬರುವ ವಾಸನೆಯನ್ನು ಗಮನಿಸಿ, ಅನಂತರ ಮ್ಯಾಟ್ ಎತ್ತಿ ನೆಲದ ತಗಡನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಬಣ್ಣ ಉಬ್ಬಿದ ಕಡೆ ತಗಡು ಪುಡಿಯಾಗಿ ಉದುರಿದರೆ ಕೆಳಗಿನಿಂದಲೂ ಟಾರ್ಚ್ ಹಾಕಿ ನೋಡಬೇಕು. ಬಾಗಿಲ ಕೆಳಗಿನ ಅಂಚು, ಚಕ್ರದ ಮೇಲಿನ ಕಮಾನು, ಬ್ಯಾಟರಿ ಕೂರುವ ತಟ್ಟೆ, ಹಿಂದಿನ ಸ್ಪ್ರಿಂಗ್ ಪಟ್ಟಿ ಸೇರುವ ಜಾಗ, ಇವೇ ಮೊದಲು ತುಕ್ಕು ತಿನ್ನುವ ಸ್ಥಳಗಳು. ಬಾಗಿಲಿನ ತುಕ್ಕನ್ನು ಟಿಂಕರಿಂಗ್ ಮಾಡಿಸಿ ಮುಚ್ಚಬಹುದು. ಸ್ಪ್ರಿಂಗ್ ಕೂರುವ ಜಾಗದ ಅಥವಾ ಚಾಸಿಯ ತುಕ್ಕು ಪ್ರಾಣಕ್ಕೆ ಸಂಬಂಧಿಸಿದ್ದು. ಸಂಪಾಜೆ ಘಾಟಿಯ ತಿರುವಿನಲ್ಲಿ ಅದು ಕೈಕೊಟ್ಟರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬಾನೆಟ್ ಎತ್ತಿದಾಗ ಇಲಿಯ ಗುರುತು ಹುಡುಕಿ. ಏರ್ ಫಿಲ್ಟರ್ ಡಬ್ಬಿಯೊಳಗೆ ಒಣಹುಲ್ಲು, ಬಟ್ಟೆಯ ಚೂರು ಇದ್ದರೆ ಗೂಡು ಕಟ್ಟಿದೆ; ವೈರಿಂಗನ್ನು ಕಡಿಯದೆ ಬಿಟ್ಟಿರುವ ಸಾಧ್ಯತೆ ಕಡಿಮೆ. ಹಳೆಯ ಕಾರ್ಬ್ಯುರೇಟರ್ ಗಾಡಿಯಲ್ಲಿ ವೈರಿಂಗ್ ಸಣ್ಣ ಕೆಲಸ, ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ (ಇಸಿಎಂ) ಇರುವ ಹೊಸ ಕಾರಿನಲ್ಲಿ ಅದೇ ದೊಡ್ಡ ಖರ್ಚು. ಎಂಜಿನ್ ಆಯಿಲ್ ಕಡ್ಡಿ ತೆಗೆದಾಗ ಹಾಲು ಹಾಕಿದ ಕಾಫಿಯ ಬಣ್ಣ ಕಂಡರೆ ನೀರು ಬೆರೆತಿದೆ. ಟೈರಿನ ಬದಿಯಲ್ಲಿರುವ ನಾಲ್ಕಂಕಿಯನ್ನು ಓದಿ: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಸ್ಟಾರ್ಟ್ ಮಾಡಲು ಸಾಮಾನ್ಯವಾಗಿ ಬಿಡುವುದಿಲ್ಲ, ಬಿಟ್ಟರೂ ಅವಸರ ಬೇಡ. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಆಯಿಲ್ ಬದಲಿಸದೆ, ಪ್ಲಗ್ ರಂಧ್ರದಲ್ಲಿ ಒಂದಿಷ್ಟು ಆಯಿಲ್ ಬಿಟ್ಟು ಕೈಯಿಂದ ತಿರುಗಿಸಿ ನೋಡದೆ ಸೆಲ್ಫ್ ಹೊಡೆದರೆ ಇದ್ದ ಎಂಜಿನ್ನೂ ಹಾಳಾಗುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಇಬ್ಬರು ತಳ್ಳಿದರೆ ಗಾಡಿ ಉರುಳುತ್ತದೆಯೇ ಎಂಬುದನ್ನಾದರೂ ನೋಡಿ. ಉರುಳದಿದ್ದರೆ ಬ್ರೇಕ್ ಶೂ ತುಕ್ಕಿನಿಂದ ಡ್ರಮ್ಮಿಗೆ ಅಂಟಿಕೊಂಡಿದೆ, ಒಯ್ಯುವಾಗ ಕ್ರೇನ್ ಬೇಕಾಗುತ್ತದೆ.

2018ರ ಆಗಸ್ಟ್‌ನ ಜಲಪ್ರಳಯದಲ್ಲಿ, ಮರುವರ್ಷ ಸಿದ್ದಾಪುರ ಮತ್ತು ಕುಶಾಲನಗರದ ಕಡೆ ಕಾವೇರಿ ಉಕ್ಕಿದಾಗ ಮುಳುಗಿದ ವಾಹನಗಳು ಕೈ ಬದಲಾಗುತ್ತಾ ಇಂದಿಗೂ ಓಡಾಡುತ್ತಿರಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ; ನೆರೆಯ ನೀರು ನಿಂತ ಮಟ್ಟಕ್ಕೆ ಕೆಸರಿನ ಗೆರೆ ಬೆಲ್ಟಿನ ಒಳಸುರುಳಿಯಲ್ಲಿ ಉಳಿದಿರುತ್ತದೆ, ಹೊರಗೆ ಎಷ್ಟು ತೊಳೆದರೂ ಅದು ಹೋಗುವುದಿಲ್ಲ.

ಜೀಪಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಫೋರ್ ವ್ಹೀಲ್ ಜೀಪು ಎಂದರೆ ಕೊಡಗಿನಲ್ಲಿ ಸವಾಲು ಬೇಗ ಏರುತ್ತದೆ. ನಮ್ಮ ಜೀಪುಗಳಲ್ಲಿ ಬಾಡಿ, ಎಂಜಿನ್, ಗೇರ್‌ಬಾಕ್ಸ್ ಬೇರೆ ಬೇರೆ ಗಾಡಿಯಿಂದ ಬಂದವು ಬಹಳ. ತಯಾರಕರು ನಿಗದಿಪಡಿಸಿದ ಮೂಲ ವಿನ್ಯಾಸವನ್ನು ಮೀರಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆರ್‌ಸಿಯಲ್ಲಿ ನಮೂದಾಗದ ಎಂಜಿನ್ ಸಂಖ್ಯೆಯ ಜೀಪನ್ನು ಮೋಟಾರು ವಾಹನ ನಿರೀಕ್ಷಕರು ತಪಾಸಣೆಯಲ್ಲಿ ತಿರಸ್ಕರಿಸಿದರೆ ಅವರನ್ನು ದೂರುವಂತಿಲ್ಲ.

ಮನೆಯಲ್ಲೇ ಲೆಕ್ಕ ಮುಗಿಸಿ ಹೋಗಿ

ಸವಾಲಿನ ಮಿತಿಯನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಅದೇ ವರ್ಷದ, ಅದೇ ಮಾದರಿಯ, ಕಾಗದ ಸರಿಯಿರುವ ಕಾರು ಮೈಸೂರಿನಲ್ಲೋ ಮಡಿಕೇರಿಯಲ್ಲೋ 1,50,000 ರೂಪಾಯಿಗೆ ಸಿಗುತ್ತದೆ ಎಂದುಕೊಳ್ಳೋಣ. ನಾಲ್ಕು ಟೈರು, ಬ್ಯಾಟರಿ, ಬ್ರೇಕಿನ ಕೆಲಸ, ಕ್ಲಚ್, ಆಯಿಲ್‌ಗಳು, ಇಂಧನ ಟ್ಯಾಂಕ್ ಶುದ್ಧಿ, ಟಿಂಕರಿಂಗ್, ಸೀಟು, ಸಾಗಣೆ, ವಿಮೆ, ವರ್ಗಾವಣೆಯ ಶುಲ್ಕ, ತೆರಿಗೆ ಎಲ್ಲವನ್ನೂ ಮೆಕ್ಯಾನಿಕ್ ಜೊತೆ ಕೂತು ಬರೆದು 65,000 ಆಯಿತೆನ್ನಿ. ಕಾಣದ ದೋಷಗಳಿಗೆ ಇನ್ನೊಂದು 25,000 ತೆಗೆದಿಡಿ. ಉಳಿದ 60,000ವೇ ನಿಮ್ಮ ಗರಿಷ್ಠ ಸವಾಲು ಎಂದೆನಿಸಬಹುದು, ಆದರೆ ಅಷ್ಟಕ್ಕೆ ಕೊಂಡರೆ ನಿಮ್ಮ ಶ್ರಮಕ್ಕೂ ಕಾಯುವಿಕೆಗೂ ಏನೂ ಉಳಿಯುವುದಿಲ್ಲ; 45,000ಕ್ಕೆ ನಿಲ್ಲಿಸುವುದು ವಿವೇಕ. ಈ ಅಂಕಿಗಳು ಉದಾಹರಣೆಗಷ್ಟೆ, ಕ್ರಮವನ್ನು ಮಾತ್ರ ಅನುಸರಿಸಿ. ಕಾರಿಗೆ 15 ವರ್ಷ ತುಂಬಿದ್ದರೆ ಮರುನೋಂದಣಿಯ ಶುಲ್ಕವನ್ನೂ ಸೇರಿಸಬೇಕು. 2022ರ ಏಪ್ರಿಲ್‌ನಲ್ಲಿ ಅದು 600 ರೂಪಾಯಿಯಿಂದ 5,000ಕ್ಕೆ ಏರಿತು, ಆದ್ದರಿಂದ ಈಗಿನ ದರವನ್ನು ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ.

ಹರಾಜಿನ ದಿನ ಗುರುತಿನ ಚೀಟಿ, ಪ್ಯಾನ್ ಕಾರ್ಡ್, ಠೇವಣಿಯ ಡಿಡಿ ಜೊತೆ ಸ್ವಲ್ಪ ಮುಂಚಿತವಾಗಿ ತಲುಪಿ. ಸರ್ಕಾರಿ ಸವಾಲು ಮೋಟಾರು ವಾಹನ ನಿರೀಕ್ಷಕರ ಮೌಲ್ಯಮಾಪನದ ಆಧಾರದ ಮೇಲೆ ನಿಗದಿಯಾಗಿರುತ್ತದೆ, ಅದಕ್ಕಿಂತ ಕೆಳಗೆ ಮಾರುವುದಿಲ್ಲ. ಪದೇ ಪದೇ ಬರುವ ವ್ಯಾಪಾರಿಗಳು ತಮ್ಮಲ್ಲೇ ಹೊಂದಾಣಿಕೆ ಮಾಡಿಕೊಂಡು, ಹೊಸಬರಿಗೆ ‘ನೀವು ಸುಮ್ಮನಿರಿ, ಆಮೇಲೆ ನೋಡಿಕೊಳ್ಳೋಣ’ ಎಂದು ಹೇಳುವುದುಂಟು. ಅದಕ್ಕೆ ಒಪ್ಪುವುದು ಸರ್ಕಾರದ ಬೊಕ್ಕಸಕ್ಕೆ ಮಾಡುವ ದ್ರೋಹ. ಒಪ್ಪಬೇಡಿ, ಹರಾಜು ನಡೆಸುವ ಅಧಿಕಾರಿಗೆ ತಿಳಿಸಿ. ಅದೇ ಜನ ನಿಮ್ಮನ್ನು ಹುರಿದುಂಬಿಸಿ ಬೆಲೆ ಏರಿಸಿ ಹಿಂದೆ ಸರಿಯುವುದೂ ಉಂಟು. ಬರೆದುಕೊಂಡು ಹೋದ ಮಿತಿ ದಾಟಿದ ಕ್ಷಣ ಬಾಯಿ ಮುಚ್ಚಿ ನಿಲ್ಲುವ ಗಟ್ಟಿತನ ಬೇಕು.

ಸವಾಲು ನಿಮ್ಮ ಹೆಸರಿಗೆ ನಿಂತಿತೆಂದ ಮಾತ್ರಕ್ಕೆ ವಾಹನ ನಿಮ್ಮದಾಗುವುದಿಲ್ಲ. ಮೇಲಧಿಕಾರಿಯೋ ನ್ಯಾಯಾಲಯವೋ ಅದನ್ನು ಸ್ಥಿರೀಕರಿಸಬೇಕು. ಸ್ಥಿರೀಕರಣದ ಪತ್ರ ಬರುವವರೆಗೆ ಬಿಡಿಭಾಗ ಕೊಳ್ಳುವ, ಗ್ಯಾರೇಜಿಗೆ ಮುಂಗಡ ಕೊಡುವ ಕೆಲಸ ಬೇಡ.

ಮನೆಗೆ ತಂದು ಹೆಸರಿಗೆ ಮಾಡಿಸಿಕೊಳ್ಳುವುದು

ವಾಹನ ಒಯ್ಯುವ ದಿನ ಕಚೇರಿಯಿಂದ ಪಡೆಯಬೇಕಾದ ಕಾಗದಗಳು ಇವು: ಹರಾಜಿಗೆ ಅನುಮತಿ ನೀಡಿದ ಆದೇಶದ ದೃಢೀಕೃತ ಪ್ರತಿ, ಮಾರಾಟವನ್ನು ನಿಮ್ಮ ಹೆಸರಿಗೆ ಸ್ಥಿರೀಕರಿಸಿ ಹರಾಜು ಅಧಿಕಾರಿ ಸಹಿ ಮಾಡಿದ ಪತ್ರ, ಹಣ ಕಟ್ಟಿದ ರಸೀದಿ, ವಾಹನ ಹಸ್ತಾಂತರಿಸಿದ ದಿನಾಂಕವಿರುವ ಪತ್ರ, ಇದ್ದರೆ ಮೂಲ ಆರ್‌ಸಿ. ಪ್ರತಿಯೊಂದರಲ್ಲೂ ನೋಂದಣಿ, ಚಾಸಿ, ಎಂಜಿನ್ ಸಂಖ್ಯೆಗಳನ್ನು ನೀವು ತೆಗೆದ ಚಿತ್ರದೊಂದಿಗೆ ಅಲ್ಲೇ ನಿಂತು ಹೋಲಿಸಿ. ಮೊಹರು ಸರಿಯಾಗಿ ಬೀಳದಿದ್ದರೆ ಇನ್ನೊಮ್ಮೆ ಹಾಕಿಸಿಕೊಳ್ಳಿ.

ವಿಮೆಯಿಲ್ಲದ ಗಾಡಿಯನ್ನು ‘ಐದು ಕಿಲೋಮೀಟರ್ ತಾನೆ’ ಎಂದು ಓಡಿಸಿಕೊಂಡು ಹೋಗುವುದು ಸಲ್ಲದು. ಮೊದಲ ಬಾರಿ ಸಿಕ್ಕಿಬಿದ್ದರೆ ವಿಮೆ ಇಲ್ಲದ್ದಕ್ಕೇ 2,000 ರೂಪಾಯಿ ದಂಡವಿದೆ, ಅದಕ್ಕಿಂತ ಹೆಚ್ಚಾಗಿ ವರ್ಷಗಟ್ಟಲೆ ಕೂತ ಬ್ರೇಕನ್ನು ಇಳಿಜಾರಿನಲ್ಲಿ ನಂಬುವಂತಿಲ್ಲ. ಪಿಕಪ್‌ನಲ್ಲೋ ಟೋಯಿಂಗ್ ಗಾಡಿಯಲ್ಲೋ ಹೇರಿಸಿಯೇ ತನ್ನಿ.

ವಶಕ್ಕೆ ಪಡೆದ ದಿನದಿಂದ 30 ದಿನಗಳೊಳಗೆ ನಮೂನೆ 32ರಲ್ಲಿ ಅರ್ಜಿ ಸಲ್ಲಿಸಬೇಕು. ಸಾಮಾನ್ಯ ಹಳೆ ಕಾರಿಗೆ ಬಳಸುವ ನಮೂನೆ 29 ಮತ್ತು 30 ಇಲ್ಲಿಗೆ ಅನ್ವಯವಾಗುವುದಿಲ್ಲ. ಸರ್ಕಾರಿ ಬಹಿರಂಗ ಹರಾಜಿನಲ್ಲಿ ಕೊಂಡವರಿಗೆಂದೇ ನಮೂನೆ 32 ಇರುವುದು. ಹಳೆಯ ಒಡೆಯನ ಸಹಿ ಇದಕ್ಕೆ ಬೇಕಿಲ್ಲ, ಆ ಸಹಿಯ ಜಾಗದಲ್ಲಿ ಹರಾಜಿನ ಆದೇಶ ನಿಲ್ಲುತ್ತದೆ. 30 ದಿನಗಳಲ್ಲಿ ದುರಸ್ತಿ ಮುಗಿಯದಿದ್ದರೂ ಅರ್ಜಿಯನ್ನು ಅವಧಿಯೊಳಗೆ ಸಲ್ಲಿಸಿ, ತಪಾಸಣೆಗೆ ವಾಹನ ತರುವ ದಿನದ ಬಗ್ಗೆ ಕಚೇರಿಯಲ್ಲಿ ಕೇಳಿಕೊಳ್ಳಿ. ಹೊಗೆ ತಪಾಸಣೆಯ ಪತ್ರ, ಕನಿಷ್ಠ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಕಡತ ಮುಂದೆ ಸಾಗುವುದಿಲ್ಲ. ಮಧ್ಯವರ್ತಿಗಳನ್ನು ಹಿಡಿಯಬೇಕೆಂದೇನೂ ಇಲ್ಲ. ಕಾಗದ ಕ್ರಮವಾಗಿದ್ದರೆ ನೀವೇ ಹೋಗಿ ಸಲ್ಲಿಸಬಹುದು, ಮತ್ತು ಆಕ್ಷೇಪಣೆ ಬಂದಾಗ ಅದು ಏನೆಂದು ನಿಮಗೇ ನೇರವಾಗಿ ತಿಳಿಯುತ್ತದೆ.

ಹೊಸ ಆರ್‌ಸಿ ಕೈಗೆ ಬಂದ ದಿನ ಪರಿವಾಹನ್‌ನಲ್ಲಿ ಇನ್ನೊಮ್ಮೆ ವಾಹನದ ಸಂಖ್ಯೆ ಹಾಕಿ ನೋಡಿ. ಜಪ್ತಿಯಾದ ಕಾಲದಲ್ಲಿ ಹಾಕಿದ ಕಪ್ಪುಪಟ್ಟಿಯ ನಮೂದು, ಹಳೆಯ ಒಡೆಯನ ಮೇಲಿನ ಇ–ಚಲನ್ ಬಾಕಿ ಅಲ್ಲೇ ಉಳಿದಿರುವುದುಂಟು. ಉಳಿದಿದ್ದರೆ ಹರಾಜು ನಡೆಸಿದ ಕಚೇರಿಗೆ ಮತ್ತು ಆರ್‌ಟಿಒಗೆ ಒಂದೇ ಅರ್ಜಿಯ ಎರಡು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದು ಅಳಿಯುವವರೆಗೂ, ಅಳಿದ ಮೇಲೂ ಕೆಲಕಾಲ, ಹರಾಜಿನ ಆದೇಶದ ಪ್ರತಿಯೊಂದನ್ನು ಆರ್‌ಸಿಯ ಜೊತೆಗೇ ಕಾರಿನಲ್ಲಿಟ್ಟುಕೊಳ್ಳಿ. ಕುಟ್ಟ, ಮಾಕುಟ್ಟ ಅಥವಾ ಸಂಪಾಜೆಯ ಗೇಟಿನಲ್ಲಿ ತಪಾಸಣೆಗೆ ನಿಲ್ಲಿಸಿದವರ ಮೊಬೈಲಿನಲ್ಲಿ ಹಳೆಯ ಪ್ರಕರಣದ ಸಂಖ್ಯೆ ಕಾಣಿಸಿಕೊಂಡರೆ ತೋರಿಸಲು ಆ ಪ್ರತಿ ಬೇಕಾಗುತ್ತದೆ.